ಅಕ್ಷರ ಕೂಡಿಸುವುದರಿಂದ ಅರ್ಥ ಹಿಡಿಯುವವರೆಗೆ: ನನ್ನ ಅನುಭವ

ಕೊಡಗಿನ ವಿರಾಜಪೇಟೆ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ನಾನು ನಲಿ-ಕಲಿ ಟೀಚರ್, ಅಂದರೆ ಚಿಕ್ಕ ತರಗತಿಯ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವವಳು. ನಮ್ಮ ಮಕ್ಕಳ ಮನೆಮಾತು ಕೊಡವ ತಕ್ಕ್, ಯರವ, ಮಲಯಾಳ. ಪುಸ್ತಕದ ಕನ್ನಡ ಎಷ್ಟೋ ಮಕ್ಕಳ ಕಿವಿಗೆ ಬೀಳುವುದೇ ಶಾಲೆಯಲ್ಲಿ. ಹಾಗಾಗಿ ಗಟ್ಟಿಯಾಗಿ ಓದಿದ ಮಾತ್ರಕ್ಕೆ ಓದು ಬಂತು ಅಂತ ನಾನು ಒಪ್ಪುವುದಿಲ್ಲ.

ಕಾಗುಣಿತ ಬಂದ ಮೇಲೂ ಒತ್ತಕ್ಷರ ಕಾಡುತ್ತದೆ, ಅರ್ಕಾವತ್ತು ಇನ್ನೂ ಜಾಸ್ತಿ. ‘ಸೂರ್ಯ’ದಲ್ಲಿ ಬಾಯಿಗೆ ಮೊದಲು ಬರುವುದು ರ್, ಕಣ್ಣಿಗೆ ಮೊದಲು ಕಾಣುವುದು ಯ. ಮಗು ‘ಸೂಯರ್’ ಅನ್ನುತ್ತದೆ. ಇದಕ್ಕೆ ಆತುರ ಮಾಡಬಾರದು.

ಉದ್ದ ಪದಗಳದ್ದು ಬೇರೆ ಕಷ್ಟ. ‘ತೋಟದವರಿಗೆಲ್ಲ’ ಎಂದು ಒಂದೊಂದೇ ಅಕ್ಷರ ಕೂಡಿಸಿ ಕೊನೆ ಮುಟ್ಟುವ ಹೊತ್ತಿಗೆ ‘ತೋಟ’ ಮರೆತೇ ಹೋಗಿರುತ್ತದೆ. ನಾನು ಕಾಗದದ ಚೂರಿನಿಂದ ಬಾಲ ಮುಚ್ಚುತ್ತೇನೆ. ತೋಟ, ತೋಟದ, ತೋಟದವರಿಗೆ, ಹೀಗೆ ಚೂರನ್ನು ಸರಿಸುತ್ತಾ ಹೋಗುತ್ತೇನೆ. ಆ ತುಂಡುಗಳ ಗುರುತು ಹತ್ತಿದರೆ ವೇಗ ಬರುತ್ತದೆ, ಅರ್ಥದ ಕಡೆ ಗಮನ ಕೊಡಲು ಪುರುಸೊತ್ತು ಸಿಗುತ್ತದೆ.

ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಓದನ್ನು ಗುಣಾಕಾರದಂತೆ ವಿವರಿಸಿದರು. ಅಕ್ಷರ ಬಿಡಿಸುವುದು ಒಂದು, ಭಾಷೆ ಅರ್ಥವಾಗುವುದು ಇನ್ನೊಂದು. ಯಾವುದು ಸೊನ್ನೆಯಾದರೂ ಉತ್ತರ ಸೊನ್ನೆ. ಅದಕ್ಕೇ ಪುಸ್ತಕ ತೆರೆಯುವ ಮೊದಲು ಕಥೆಯನ್ನು ಬಾಯಲ್ಲೇ ಹೇಳುತ್ತೇನೆ. ಓದಿದ್ದನ್ನು ಮಗು ಮನೆಮಾತಿನಲ್ಲಿ ತಿರುಗಿ ಹೇಳಿದರೂ ನನಗೆ ಖುಷಿ.

ಒಂದು ಬೇಸಿಗೆಯಲ್ಲಿ ಬೋರ್ಡಿನ ಮೇಲೆ ಬರೆದೆ: ‘ಮಳೆ ಬಂದು ವಾರ ಕಳೆಯಿತು. ತೋಟವೆಲ್ಲ ಬೆಳ್ಳಗಾಯಿತು.’ ಬಯಲುಸೀಮೆಯಿಂದ ಬಂದು ಸೇರಿದ್ದ ಹುಡುಗ ಒಂದೂ ತಪ್ಪಿಲ್ಲದೆ ಓದಿದ. ಯಾಕೆ ಬೆಳ್ಳಗಾಯಿತು ಅಂದರೆ, “ಮಂಜು ಬಿತ್ತು” ಅಂದ. ತಡವರಿಸುತ್ತಾ ಓದಿದ್ದ, ತೋಟದ ಕೆಲಸಗಾರರ ಲೈನ್‌ಮನೆಯ ಹುಡುಗಿ ಎದ್ದು ನಿಂತು, “ಕಾಫಿ ಹೂ ಟೀಚರ್!” ಅಂದಳು.

“ಹೂ ಅಂತ ಎಲ್ಲಿ ಬರೆದಿದೆ?”

“ಬರೆದಿಲ್ಲ. ಹೂಮಳೆ ಬಂದ್ರೆ ಹಂಗೇ ಅಲ್ವಾ?”

ಬೇಸಿಗೆಯ ಹೂಮಳೆ ಬಿದ್ದು ವಾರ ಹತ್ತು ದಿನದಲ್ಲಿ ಕಾಫಿ ಗಿಡಗಳೆಲ್ಲ ಬಿಳಿ ಹೂ ಬಿಡುತ್ತವೆ. ಬರೆಯದೇ ಇದ್ದದ್ದನ್ನೂ ಅವಳು ಓದಿದ್ದಳು! ಹುಡುಗನಿಗೆ ಕನ್ನಡ ಚೆನ್ನಾಗಿ ಗೊತ್ತು, ಕಾಫಿ ತೋಟ ಗೊತ್ತಿಲ್ಲ ಅಷ್ಟೇ. ಅವನಿಗೆ ಸುಮ್ನೆ ಇನ್ನಷ್ಟು ಕಾಗುಣಿತ ಬರೆಸಿ ಏನು ಪ್ರಯೋಜನ? ಹೂವಿನ ಕಥೆಯನ್ನೆಲ್ಲ ಆ ಹುಡುಗಿಯಿಂದಲೇ ಹೇಳಿಸಿದೆ. ಅವನು ಮತ್ತೆ ಅದೇ ಎರಡು ಸಾಲು ಓದಿದ.

ಈಗ ಪ್ರತಿ ಪಾಠಕ್ಕೆ ಮೊದಲು, ಇದರ ಬಗ್ಗೆ ಯಾರಿಗೆ ಗೊತ್ತು ಅಂತ ಕೇಳುತ್ತೇನೆ. ಗೊತ್ತಿರುವ ಮಗು ಹೇಳುತ್ತದೆ, ಉಳಿದವರು ಪ್ರಶ್ನೆ ಕೇಳುತ್ತಾರೆ. ಆಮೇಲೆ ಪುಸ್ತಕ ತೆರೆಯುತ್ತೇವೆ.