ಯಾರು ಬಂದರೂ ನುಡಿಯುವ ಬೀಥೋವನ್: ಊದುವಾದ್ಯಗಳಿಗೆ ಐದು ದನಿಯಲ್ಲಿ ಬರೆಯುವ ಕ್ರಮ

ಹಳಿ ದುರಸ್ತಿಗೆಂದು ಮುಂಬಯಿಯ ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇದ್ದ ಭಾನುವಾರ ಡೊಂಬಿವಲಿ, ಕಲ್ಯಾಣ್ ಕಡೆಯವರು ಮಾಟುಂಗಕ್ಕೆ ರಿಹರ್ಸಲ್‌ಗೆ ಬಂದು ಸೇರುವುದೇ ಕಷ್ಟ. ಒಂದು ವಾರ ನಾಲ್ಕು ಕ್ಲಾರಿನೆಟ್, ಎರಡು ಆಲ್ಟೊ ಸ್ಯಾಕ್ಸ್, ಒಂದು ಯುಫೋನಿಯಂ. ಮುಂದಿನ ವಾರ ಬರೀ ಟ್ರಂಪೆಟ್, ಟ್ರೊಂಬೋನ್. ಟ್ಯೂಬಾ ಸಿಗುವುದು ಅಪರೂಪ. ಹಾಗಾಗಿ ಆರ್ಕೆಸ್ಟ್ರಾ ಕೃತಿಯನ್ನು ಇಳಿಸಿ ಬರೆಯುವಾಗ ನಾನು ವಾದ್ಯದಿಂದ ಶುರುಮಾಡುವುದಿಲ್ಲ, ದನಿಯಿಂದ ಶುರುಮಾಡುತ್ತೇನೆ. ದನಿ ಎಂದರೆ ಯಾವುದೇ ಒಂದು ವಾದ್ಯಕ್ಕೆ ಕಟ್ಟುಬೀಳದ ಸ್ವರಗಳ ಸಾಲು. ಒಟ್ಟು ಐದು ದನಿ: ಒಂದನೆಯದು ಎಲ್ಲಕ್ಕೂ ಮೇಲಿನದು, ಐದನೆಯದು ತಳದ್ದು. ಒಂದು, ಎರಡು, ಮೂರು ಮತ್ತು ಐದು ಸೇರಿದರೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಪೂರ್ತಿಯಾಗಬೇಕು. ನಾಲ್ಕನೆಯದು ಇದ್ದರೆ ಮೈ ತುಂಬುತ್ತದೆ. ಇಲ್ಲದಿದ್ದರೂ ತೂತು ಕಾಣಬಾರದು.

ಉದಾಹರಣೆಗೆ ಬೀಥೋವನ್‌ನ ಏಳನೆಯ ಸಿಂಫನಿಯ ಎರಡನೆಯ ಭಾಗ, ಅಲೆಗ್ರೆಟೊ. ಮೊದಲ ಪ್ರದರ್ಶನ 1813ರಲ್ಲಿ, ವಿಯೆನ್ನಾದಲ್ಲಿ. ಕಾಪಿರೈಟ್ ತಕರಾರಿಲ್ಲ, ಆದರೆ ಈಗಿನವರು ಮಾಡಿದ ಅರೇಂಜ್‌ಮೆಂಟ್ ನೋಡಿ ನಕಲು ಮಾಡಬಾರದು, ಹಳೆಯ ಆರ್ಕೆಸ್ಟ್ರಾ ಸ್ಕೋರಿನಿಂದಲೇ ಎತ್ತಿಕೊಳ್ಳಬೇಕು.

ಮೊದಲು ಕೀ, ಅಂದರೆ ಕೃತಿಯ ಆಧಾರ ಸ್ವರ ಮತ್ತು ಸ್ವರಶ್ರೇಣಿ. ಮೂಲ ಇರುವುದು ಎ ಮೈನರ್‌ನಲ್ಲಿ, ತಂತಿವಾದ್ಯಗಳಿಗೆ ಹಿತ. ನಾನು ಒಂದು ಪೂರ್ಣ ಸ್ವರ ಇಳಿಸಿ ಜಿ ಮೈನರ್‌ಗೆ ತರುತ್ತೇನೆ. ಕೆಲವು ಊದುವಾದ್ಯಗಳಲ್ಲಿ ಹಾಳೆಯಲ್ಲಿ ಬರೆದ ಸ್ವರ ಒಂದು, ಕೇಳಿಸುವುದು ಇನ್ನೊಂದು. ಹಾಗಾಗಿ ಕ್ಲಾರಿನೆಟ್, ಟ್ರಂಪೆಟ್‌ನವರ ಹಾಳೆಯಲ್ಲಿ ಎ ಮೈನರ್, ಆಲ್ಟೊ ಸ್ಯಾಕ್ಸ್‌ಗೆ ಇ ಮೈನರ್, ಹಾರ್ನ್‌ಗೆ ಡಿ ಮೈನರ್ ಬರುತ್ತದೆ. ಕೊಳಲು, ಟ್ರೊಂಬೋನ್, ಟ್ಯೂಬಾಕ್ಕೆ ಎರಡು ಫ್ಲಾಟ್ (ಸ್ವರವನ್ನು ಅರ್ಧ ಇಳಿಸುವ ಗುರುತು), ಮೇಲೆ ಹೇಳಿದ ವಾದ್ಯಗಳಿಗೆ ಹೆಚ್ಚೆಂದರೆ ಒಂದು ಶಾರ್ಪ್ (ಅರ್ಧ ಏರಿಸುವ ಗುರುತು) ಅಥವಾ ಒಂದು ಫ್ಲಾಟ್. ಆದರೆ ನಡುವಿನ ಮೇಜರ್ ಭಾಗಕ್ಕೆ ಬಂದಾಗ ಆಲ್ಟೊಗೆ ನಾಲ್ಕು ಶಾರ್ಪ್ ಆಗುತ್ತದೆ. ಹೊಸಬರ ಗುಂಪಾದರೆ ಅದಕ್ಕೆ ಮುಂಚೆಯೇ ನಿಲ್ಲಿಸುತ್ತೇನೆ. ಪೂರ್ತಿ ನುಡಿಸಬೇಕೆಂದರೆ ಎಫ್ ಮೈನರ್ ಮೇಲು; ಆಗ ಕೊಳಲಿನವರು ನಾಲ್ಕು ಫ್ಲಾಟ್ ಹೊರಬೇಕು.

ಜಿ ಮೈನರ್‌ನಲ್ಲಿ ಕ್ಲಾರಿನೆಟ್‌ಗೆ ಒಂದು ತೊಡಕಿದೆ. ನಡುಸ್ಥಾಯಿಯಲ್ಲಿ ಜಿಯಿಂದ ಎಗೆ ಹೋಗುವುದೆಂದರೆ ಅವರ ಹಾಳೆಯಲ್ಲಿ ಎಯಿಂದ ಬಿಗೆ, ಅಂದರೆ ಸರಿಯಾಗಿ ಬ್ರೇಕ್ (ಕೆಳಸ್ಥಾಯಿ ಮುಗಿದು ಮೇಲಿನದು ಶುರುವಾಗುವ ಗಡಿ) ದಾಟುವ ಜಾಗ. ಒಂದೇ ಬೆರಳಿನ ಸ್ವರದಿಂದ ಒಮ್ಮೆಗೇ ಎಲ್ಲ ತೂತು ಮುಚ್ಚುವಾಗ ಕೀಚಲು ದನಿ ಬರುತ್ತದೆ. ಎ ನುಡಿಸುವಾಗಲೇ ಬಲಗೈ ಬೆರಳುಗಳನ್ನು ಮುಚ್ಚಿಟ್ಟುಕೊಳ್ಳಿ ಎಂದು ಹಾಳೆಯ ಮೇಲೇ ಬರೆಯುತ್ತೇನೆ. ಎರಡನೆಯ ದನಿಯಲ್ಲಿ ಅಂಥ ಜಾಗ ಬಂದರೆ ಒಂದು ಆಕ್ಟೇವ್ (ಒಂದು ಸ್ಥಾಯಿ) ಕೆಳಗಿನದನ್ನು ಸಣ್ಣ ಅಕ್ಷರದಲ್ಲಿ ಕೊಡುತ್ತೇನೆ.

ಹೆಚ್ಚು ಹಾಳಾಗುವುದು ತಳದಲ್ಲಿ. ಡಿ ಮೇಜರ್ ಕಾರ್ಡ್ ಬಂತೆನ್ನಿ: ಐದನೆಯ ದನಿಯಲ್ಲಿ ತಳದ ಡಿ, ನಾಲ್ಕನೆಯದರಲ್ಲಿ ಅದರ ಮೇಲಿನ ಎ. ಮೂರು ವಾಲ್ವಿನ ಯುಫೋನಿಯಂ ಅಷ್ಟು ಕೆಳಗಿನ ಡಿಗೆ ಇಳಿಯುವುದಿಲ್ಲ, ಆಕ್ಟೇವ್ ಮೇಲಿನದನ್ನು ನುಡಿಸುತ್ತದೆ. ಈಗ ಎ ತಳಕ್ಕೆ ಬಂತು, ಕಾರ್ಡ್ ತಲೆಕೆಳಗಾಯಿತು. ಮುಕ್ತಾಯ ನಿಲ್ಲದೆ ತೇಲುತ್ತದೆ. ಆದ್ದರಿಂದ ನಾಲ್ಕನೆಯ ದನಿ ಐದನೆಯದಕ್ಕಿಂತ ಒಂದು ಆಕ್ಟೇವ್‌ಗೂ ಹತ್ತಿರ ಇಳಿಯದಂತೆ ಬರೆಯುತ್ತೇನೆ. ಇಳಿಯಲೇಬೇಕಾದರೆ ತಳದ ಸ್ವರವನ್ನೇ ಕೊಡುತ್ತೇನೆ. ಬರೆದಾದ ಮೇಲೆ ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ತಂತ್ರಾಂಶದಲ್ಲಿ ಐದನೆಯ ಸಾಲನ್ನು ಒಂದು ಆಕ್ಟೇವ್ ಏರಿಸಿ ಕೇಳಬೇಕು. ಎಲ್ಲಿ ಕುಂಟುತ್ತದೋ ಅಲ್ಲಿ ತಿದ್ದುವುದು. ಶುರುವಿನ ಎರಡು ಬಾರ್ (ತಾಳದ ಒಂದೊಂದು ಸುತ್ತು) ಮಾತ್ರ ಬೇರೆ: ಅಲ್ಲಿ ಬೀಥೋವನ್ ಬೇಕೆಂದೇ ಪಂಚಮವನ್ನು ತಳದಲ್ಲಿಟ್ಟಿದ್ದಾನೆ. ಅದನ್ನು ಸರಿಪಡಿಸಲು ಹೋಗಬೇಡಿ.

ಆಮೇಲೆ ಲಯ. ಒಂದು ಉದ್ದ, ಎರಡು ಗಿಡ್ಡ, ಮತ್ತೆರಡು ಉದ್ದ. ಐದೂ ಒಂದೇ ಸ್ವರ. ಕೊನೆಯ ಎರಡನ್ನು ನಾಲಗೆಯಿಂದ ಕತ್ತರಿಸಿದರೆ ಮಾರ್ಚ್ ಆಗಿಬಿಡುತ್ತದೆ. ನಾನು ಅವೆರಡರ ಮೇಲೂ ಪೂರ್ತಿ ಹಿಡಿಯಿರಿ ಎನ್ನುವ ಅಡ್ಡಗೆರೆ ಹಾಕುತ್ತೇನೆ, ವೇಗ ನಿಮಿಷಕ್ಕೆ 76 ಎಂದು ಬರೆಯುತ್ತೇನೆ. ಕಮಾನಿಗೆ ಉಸಿರು ಬೇಡ, ನಮಗೆ ಬೇಕು. ಒಂದೇ ದನಿಯಲ್ಲಿ ಇಬ್ಬರಿದ್ದರೆ ಒಬ್ಬರಿಗೆ ನಾಲ್ಕನೆಯ ಬಾರಿನ ಕೊನೆಯಲ್ಲಿ, ಇನ್ನೊಬ್ಬರಿಗೆ ಆರನೆಯದರ ಕೊನೆಯಲ್ಲಿ ಉಸಿರಿನ ಗುರುತು.

ವಸ್ತು 24 ಬಾರ್‌ನದು. ಎರಡನೆಯ ಸುತ್ತಿನಲ್ಲಿ ವಿಯೋಲಾ, ಚೆಲೊ ಹಾಡುವ ಎದುರು ರಾಗವೇ ಇದರ ಜೀವ. ಅದನ್ನು ಮೂರನೆಯ ದನಿಗೆ, ಆಲ್ಟೊ ಸ್ಯಾಕ್ಸ್ ಅಥವಾ ಹಾರ್ನ್‌ಗೆ ಕೊಟ್ಟು ಉಳಿದವರಿಗೆಲ್ಲ ಒಂದು ಹಂತ ಮೆತ್ತಗೆ ಎಂದು ಬರೆಯುತ್ತೇನೆ.

ಮಂಗಳೂರು, ಉಡುಪಿ ಕಡೆಯಿಂದ ಮುಂಬಯಿಗೆ ಬಂದ ಸ್ಯಾಕ್ಸೊಫೋನ್ ವಾದಕರಲ್ಲಿ ಸರಿಗಮ ಸ್ವರಲಿಪಿ ಮಾತ್ರ ಓದಬಲ್ಲವರಿದ್ದಾರೆ. ಅವರಿಗೆ ಷಡ್ಜ ಜಿ ಎಂದಿಟ್ಟುಕೊಂಡು ಪಾ ಪಪ ಪಾ ಪಾ ಎಂದೇ ಬರೆದುಕೊಡುತ್ತೇನೆ. ಸ್ವರಗಳು ನಟಭೈರವಿಯವು, ಕಾಕಲಿ ನಿಷಾದ ಬಂದಲ್ಲಿ ಕೀರವಾಣಿ ಎಂದರೆ ತಕ್ಷಣ ತಿಳಿಯುತ್ತದೆ. ಗಮಕ ಬೇಡ ಎಂಬುದನ್ನು ಮಾತ್ರ ಮೊದಲೇ ಹೇಳಬೇಕು. ಸ್ವರ ಅಲುಗಿದರೆ ಪಕ್ಕದ ದನಿಯೊಂದಿಗೆ ಕಾರ್ಡ್ ಕೂಡುವುದಿಲ್ಲ.

ಕೊನೆಗೆ ಹಾಳೆಗಳು. ಒಂದನೆಯ ದನಿಗೆ ಸಿ (ಬರೆದಂತೆಯೇ ಕೇಳಿಸುವ ವಾದ್ಯಗಳಿಗೆ), ಬಿ ಫ್ಲಾಟ್ (ಕ್ಲಾರಿನೆಟ್, ಟ್ರಂಪೆಟ್‌ಗೆ) ಎಂದು ಎರಡು ಪ್ರತಿ, ಉಳಿದ ನಾಲ್ಕಕ್ಕೂ ಮೂರು ಮೂರು, ಒಟ್ಟು 14. ಮೂರನೆಯ ದನಿಯ ಕ್ಲಾರಿನೆಟ್ ಹಾಳೆಯನ್ನು ಟೆನರ್ ಸ್ಯಾಕ್ಸ್‌ಗೆ ಕೊಡಬೇಡಿ: ಎರಡೂ ಬಿ ಫ್ಲಾಟ್ ಆದರೂ ಟೆನರ್ ಒಂದು ಆಕ್ಟೇವ್ ಕೆಳಗೆ ನುಡಿದು ನಾಲ್ಕನೆಯ ದನಿಯನ್ನು ದಾಟಿ ಇಳಿಯುತ್ತದೆ. ಬ್ಯಾರಿಟೋನ್ ಸ್ಯಾಕ್ಸ್‌ನವರು ಹಾಳೆಯಿಲ್ಲದೆ ಬಂದರೆ ಟ್ಯೂಬಾ ಹಾಳೆ ಸಾಕು. ಸಾಲಿನ ಮೊದಲಿಗೆ, ಯಾವ ಗೆರೆ ಯಾವ ಸ್ವರ ಎಂದು ತಿಳಿಸುವ ಬಾಸ್ ಕ್ಲೆಫ್ ಗುರುತಿನ ಜಾಗದಲ್ಲಿ ಟ್ರೆಬಲ್ ಕ್ಲೆಫ್ ಇದೆಯೆಂದು ತಿಳಿದು, ಮೂರು ಫ್ಲಾಟ್ ಕಳೆದು ಅಥವಾ ಮೂರು ಶಾರ್ಪ್ ಸೇರಿಸಿ ಓದಬೇಕು. ಜಿ ಮೈನರ್‌ನ ಎರಡು ಫ್ಲಾಟ್ ಹೋಗಿ ಒಂದು ಶಾರ್ಪ್ ಉಳಿಯುತ್ತದೆ.