ಹುತ್ತರಿಗೆ ಐನ್‌ಮನೆ ಸೇರುವ ಮುನ್ನ: ಯಾವ ಲಸಿಕೆ ಹರಡುವಿಕೆಯನ್ನೂ ತಡೆಯುತ್ತದೆ?

ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆ ಒಕ್ಕದವರೆಲ್ಲ (ಒಂದೇ ಮನೆತನದವರು) ಬೆಂಗಳೂರು, ಮೈಸೂರಿನಿಂದ ಐನ್‌ಮನೆಗೆ, ಅಂದರೆ ಮನೆತನದ ಮೂಲಮನೆಗೆ, ಬಂದು ಸೇರುತ್ತಾರೆ. ಮನೆಯಲ್ಲಿ ಹಸುಗೂಸಿದ್ದರೆ, "ನಮಗೆಲ್ಲ ಲಸಿಕೆ ಆಗಿದೆ" ಎಂಬ ಮಾತೊಂದನ್ನೇ ನಂಬಿ ಅದನ್ನು ಎಲ್ಲರ ಕೈಗೆ ಕೊಡಬೇಡಿ. ಲಸಿಕೆ ಪಡೆದವರು ಕಾಯಿಲೆ ಬೀಳದೆಯೂ ರೋಗಾಣುವನ್ನು ಇನ್ನೊಬ್ಬರಿಗೆ ದಾಟಿಸಬಹುದು. ಯಾವ ರೋಗದಲ್ಲಿ ಹೀಗಾಗುತ್ತದೆ, ಯಾವುದರಲ್ಲಿ ಇಲ್ಲ ಎಂದು ತಿಳಿದು ತಯಾರಾಗಬೇಕು.

ದಡಾರದ ಲಸಿಕೆ ಸೋಂಕನ್ನೇ ತಡೆಯುವುದರಿಂದ ಹರಡುವಿಕೆಯೂ ನಿಲ್ಲುತ್ತದೆ. ಹಬ್ಬಕ್ಕೆ ಒಂದು ತಿಂಗಳಿರುವಾಗಲೇ ಮಕ್ಕಳ ಲಸಿಕೆ ಬರೆದಿರುವ ತಾಯಿ ಕಾರ್ಡ್ ತೆಗೆದು ನೋಡಿ: ಎಂಆರ್ (ದಡಾರ-ರುಬೆಲ್ಲಾ) ಲಸಿಕೆ 9–12 ತಿಂಗಳಲ್ಲಿ ಒಂದು, 16–24 ತಿಂಗಳಲ್ಲಿ ಇನ್ನೊಂದು ಆಗಿರಬೇಕು. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ದಡಾರ ತಗಲಬಲ್ಲದು. ರೋಗಿ ಎದ್ದುಹೋದ ಮೇಲೂ ಕೋಣೆಯ ಗಾಳಿಯಲ್ಲಿ ವೈರಾಣು 2 ಗಂಟೆಯವರೆಗೆ ಉಳಿಯಬಹುದು. ಆದ್ದರಿಂದಲೇ ನೂರಕ್ಕೆ 95 ಮಂದಿಗೆ ರಕ್ಷಣೆ ಇರಬೇಕೆನ್ನುವುದು. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಲೆಕ್ಕ ತಪ್ಪುವುದು ಸುಲಭ. ಕಾಫಿ ಕೊಯ್ಲಿಗೆ ಅಸ್ಸಾಂನಿಂದ ಬಂದ ಮಗುವಿನ ಕಾರ್ಡ್ ಊರಲ್ಲೇ ಉಳಿದಿರಬಹುದು. ಕಾರ್ಡ್ ಇಲ್ಲದಿದ್ದರೆ ಲಸಿಕೆ ಆಗಿಲ್ಲವೆಂದೇ ಎಣಿಸಿ ಆಶಾ ಕಾರ್ಯಕರ್ತೆಗೆ ತಿಳಿಸಿ; ಮತ್ತೊಮ್ಮೆ ಬಿದ್ದರೂ ಅಪಾಯವಿಲ್ಲ. ಬಸುರಿಗೆ ಮಾತ್ರ ಎಂಆರ್ ಕೊಡುವಂತಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ನಾಯಿಕೆಮ್ಮಿಗೆ. ದೊಡ್ಡವರಿಗೆ ಕೊಡುವ ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿನ) ಲಸಿಕೆಯಲ್ಲಿ ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ಕೆಲವು ಅಂಶಗಳಷ್ಟೇ ಇರುತ್ತವೆ. ಪಡೆದವರಿಗೆ ಅದು ಕಾಯಿಲೆಯಿಂದ ರಕ್ಷಣೆ ಕೊಡುತ್ತದೆ, ಆದರೆ ಮೂಗು-ಗಂಟಲಲ್ಲಿ ರೋಗಾಣು ನೆಲೆಸುವುದನ್ನು ಪೂರ್ತಿ ತಡೆಯದು. 2013ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಇಂಥ ಲಸಿಕೆ ಪಡೆದ ಬಬೂನ್ ಕೋತಿಗಳು ಕೆಮ್ಮಲಿಲ್ಲ. ಆದರೂ ಅವುಗಳ ಗಂಟಲಲ್ಲಿ ರೋಗಾಣು ವಾರಗಟ್ಟಲೆ ಇತ್ತು, ಜೊತೆಗಿದ್ದ ಪ್ರಾಣಿಗಳಿಗೂ ದಾಟಿತು. ಹಾಗಾಗಿ ಮನೆಮಂದಿಗೆಲ್ಲ ಚುಚ್ಚಿಸಿ ಕೂಸನ್ನು ಕಾಯುತ್ತೇವೆಂದು ನೆಚ್ಚಿಕೊಳ್ಳುವುದು ಸಾಲದು.

ಫಲ ಕೊಡುವುದು ತಾಯಿಗೆ ಹಾಕಿಸುವ ಟಿಡ್ಯಾಪ್. ಪ್ರತಿ ಬಸಿರಿನಲ್ಲೂ 27ರಿಂದ 36ನೇ ವಾರದೊಳಗೆ ಹಾಕಿಸಿದರೆ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಸೇರುತ್ತವೆ. ಸರ್ಕಾರಿ ಕೇಂದ್ರದಲ್ಲಿ ಬಸುರಿಯರಿಗೆ ಕೊಡುವ ಟಿಡಿಯಲ್ಲಿ (ಧನುರ್ವಾಯು, ಗಂಟಲಮಾರಿ ಲಸಿಕೆ) ನಾಯಿಕೆಮ್ಮಿನ ಅಂಶವಿಲ್ಲ. ಟಿಡ್ಯಾಪ್ ಎಂದು ಹೆಸರು ಹಿಡಿದೇ ವೈದ್ಯರನ್ನು ಕೇಳಿ. ಮೆಡಿಕಲ್‌ನಿಂದ ನೀವೇ ಕೊಂಡೊಯ್ಯುವುದಾದರೆ 2–8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು, ಆದರೆ ಐಸ್‌ಗೆ ನೇರ ತಾಗಬಾರದು. ಹೆಪ್ಪುಗಟ್ಟಿದರೆ ಲಸಿಕೆ ಕೆಟ್ಟಂತೆ. ಕೂಸಿಗೆ ಪೆಂಟಾವೇಲೆಂಟ್ (ನಾಯಿಕೆಮ್ಮೂ ಸೇರಿ ಐದು ರೋಗಗಳ ಲಸಿಕೆ) 6, 10, 14ನೇ ವಾರಕ್ಕೆ, ಹಬ್ಬವೆಂದು ಮುಂದೂಡಬೇಡಿ. ಕೆಮ್ಮುವವರು ಯಾರೇ ಇರಲಿ, ಕೂಸಿನ ಕೋಣೆಗೆ ಬರುವುದು ಬೇಡ. ನಾಯಿಕೆಮ್ಮೆಂದು ಗೊತ್ತಾದವರು ಸರಿಯಾದ ಆ್ಯಂಟಿಬಯಾಟಿಕ್ 5 ದಿನ ಮುಗಿಸುವವರೆಗೆ ದೂರವಿರಲಿ. ಹಸುಗೂಸು ಕೆಮ್ಮದೆಯೇ ಉಸಿರು ನಿಲ್ಲಿಸಿ ನೀಲಿಗಟ್ಟಬಹುದು. ಅಂಥ ಹೊತ್ತಿನಲ್ಲಿ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ.

ಪೋಲಿಯೊದಲ್ಲಿ ಬಾಯಿಗೆ ಹಾಕುವ ಹನಿ ಕರುಳಿನಲ್ಲೂ ರಕ್ಷಣೆ ಕೊಟ್ಟು ಹರಡುವಿಕೆಗೆ ತಡೆ ಹಾಕುತ್ತದೆ. ಚುಚ್ಚುಮದ್ದು ಮುಖ್ಯವಾಗಿ ಪಾರ್ಶ್ವವಾಯುವನ್ನು ತಡೆಯುತ್ತದೆ. ಚುಚ್ಚುಮದ್ದನ್ನೇ ಅವಲಂಬಿಸಿದ್ದ ಇಸ್ರೇಲ್‌ನಲ್ಲಿ 2013ರಲ್ಲಿ ಯಾರಿಗೂ ಪಾರ್ಶ್ವವಾಯು ಆಗದಿದ್ದರೂ ಚರಂಡಿ ನೀರಿನಲ್ಲಿ ವೈರಾಣು ತಿಂಗಳುಗಟ್ಟಲೆ ಸಿಕ್ಕಿತು. ನಮ್ಮ ಮಕ್ಕಳಿಗೆ ಎರಡನ್ನೂ ಕೊಡುವುದು ಇದಕ್ಕೇ, ಒಂದನ್ನೂ ಬಿಡಬೇಡಿ.

ಫ್ಲೂ, ಕೋವಿಡ್ ಲಸಿಕೆಗಳು ಹರಡುವಿಕೆಯನ್ನು ಸ್ವಲ್ಪ ಕಾಲ, ಸ್ವಲ್ಪ ಮಟ್ಟಿಗೆ ತಗ್ಗಿಸುತ್ತವೆ. ತೀವ್ರ ಕಾಯಿಲೆಯ ವಿರುದ್ಧ ಅವುಗಳ ರಕ್ಷಣೆ ಹೆಚ್ಚು. ಫ್ಲೂ ಲಸಿಕೆಯನ್ನು ಹಬ್ಬಕ್ಕೆ 2 ವಾರ ಮೊದಲೇ ಹಾಕಿಸಿ. 6 ತಿಂಗಳೊಳಗಿನ ಮಗುವಿಗೆ ಅದನ್ನು ಕೊಡುವುದಿಲ್ಲ. ಚಳಿಯೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಕೂರಬೇಡಿ.

ಧನುರ್ವಾಯು ಮನುಷ್ಯರಿಂದ ಮನುಷ್ಯರಿಗೆ ಹರಡುವುದೇ ಇಲ್ಲ, ಮಣ್ಣು-ಗೊಬ್ಬರದಿಂದ ಗಾಯಕ್ಕೆ ಸೇರುತ್ತದೆ. ಹಾಗಾಗಿ ಊರೆಲ್ಲ ಲಸಿಕೆ ಪಡೆದಿದ್ದರೂ ಪಡೆಯದವರಿಗೆ ಅದರಿಂದ ರಕ್ಷಣೆಯಿಲ್ಲ. ತೋಟದಲ್ಲಿ ಕತ್ತಿ ಹಿಡಿಯುವವರು ತಮ್ಮ ತಮ್ಮ ಟಿಡಿ ಬೂಸ್ಟರ್ ಹಾಕಿಸಿ 10 ವರ್ಷ ದಾಟಿದೆಯೇ ಎಂದು ನೋಡಿಕೊಳ್ಳಬೇಕು.