ಬೋರ್‌ವೆಲ್ ನೀರಿನ ಊರಲ್ಲಿ ಚೆರ್ರಿ ಸೀಗಡಿ ಸಾಕುವುದು ಹೇಗೆ?

ಚಿಕ್ಕಬಳ್ಳಾಪುರದಲ್ಲಿ ಅಕ್ವೇರಿಯಂಗೆ ಬಣ್ಣದ ಸೀಗಡಿ ತಂದವರನ್ನು ಕೇಳಿ ನೋಡಿ. 'ತಂದ ವಾರದಲ್ಲೇ ಒಂದೊಂದಾಗಿ ಸತ್ತುಹೋದವು' ಅಂತಲೇ ಬಹಳ ಜನ ಹೇಳುತ್ತಾರೆ. ಈ ಜೀವಿ ನಮ್ಮ ಊರಿಗೆ ಆಗಿಬರಲ್ಲ ಅಂತ ಅಷ್ಟಕ್ಕೇ ಕೈಬಿಡುತ್ತಾರೆ. ಆದರೆ ಚೆರ್ರಿ ಸೀಗಡಿ ಗಟ್ಟಿ ಜೀವ. ಚೀನಾ, ತೈವಾನ್ ಕಡೆಯದು, 18ರಿಂದ 28 ಡಿಗ್ರಿವರೆಗಿನ ನೀರಲ್ಲಿ ಆರಾಮಾಗಿ ಇರುತ್ತದೆ. ಅದಕ್ಕೆ ತಡೆಯಲಾಗದ್ದು ನೀರು ಇದ್ದಕ್ಕಿದ್ದಂತೆ ಬದಲಾಗುವುದು. ಇದೊಂದನ್ನು ಹಿಡಿದುಕೊಂಡರೆ ಮುಕ್ಕಾಲು ಕೆಲಸ ಆದಂತೆ.

ಹಾಗಾಗಿ ಮೊದಲು ನೀರಿನ ವಿಷಯ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಹೆಚ್ಚಿನ ಕಡೆ ಬೋರ್‌ವೆಲ್ ನೀರೇ ಗತಿ. ಆ ನೀರು ಎಷ್ಟು ಗಡಸು ಅಂತ ಬಕೆಟ್ ಅಂಚಿನ ಬಿಳಿ ಕಲೆಯೇ ಹೇಳುತ್ತದೆ. ಅದು ಬೇಡ ಅಂತ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ತುಂಬಿದರೆ ಅದೂ ತೊಂದರೆ. ಆರ್‌ಒ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚುಕಮ್ಮಿ ಇರುವುದೇ ಇಲ್ಲ. ಕ್ಯಾಲ್ಸಿಯಂ ಇಲ್ಲದೆ ಸೀಗಡಿ ಹೊಸ ಚಿಪ್ಪು ಕಟ್ಟುವುದು ಹೇಗೆ? ಎರಡನ್ನೂ ಬೆರೆಸಬೇಕು. ನೀರಲ್ಲಿ ಕರಗಿರುವ ಲವಣ, ಖನಿಜ ಒಟ್ಟು ಎಷ್ಟು ಅಂತ ತೋರಿಸುವ ಒಂದು ಟಿಡಿಎಸ್ ಮೀಟರ್ ಇಟ್ಟುಕೊಳ್ಳಿ. ನಿಮ್ಮ ಬೋರ್ ನೀರು 900 ತೋರಿಸಿ, ಆರ್‌ಒ ನೀರು 50 ತೋರಿಸಿದರೆ ಒಂದು ಪಾಲು ಬೋರ್ ನೀರಿಗೆ ಮೂರು ಪಾಲು ಆರ್‌ಒ ಹಾಕಿ. ಸುಮಾರು 260 ಬರುತ್ತದೆ. 200ರಿಂದ 300ರ ಒಳಗಿದ್ದರೆ ಒಳ್ಳೆಯದು. ಟಿಡಿಎಸ್ ಒಟ್ಟು ಲೆಕ್ಕ ಹೇಳುತ್ತದೆ ಅಷ್ಟೆ, ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಉಪ್ಪು ಎಷ್ಟು ಅಂತ ಹೇಳಲ್ಲ. ಅದಕ್ಕೆ ಗಡಸುತನ ಅಳೆಯುವ ಜಿಎಚ್ ಕಿಟ್ ಬೇಕು. ಅದರಲ್ಲಿ 6ರಿಂದ 8 ಇರಲಿ, ಪಿಎಚ್ 6.5ರಿಂದ 8ರ ಒಳಗೆ ಎಲ್ಲಿದ್ದರೂ ಸರಿ. ಮನೆಗೆ ವಾಟರ್ ಸಾಫ್ಟ್‌ನರ್ ಹಾಕಿಸಿದ್ದರೆ ಆ ನೀರನ್ನು ಮಾತ್ರ ಮುಟ್ಟಬೇಡಿ, ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ನಗರಸಭೆ ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ.

ಟ್ಯಾಂಕ್ 20 ಲೀಟರ್ ಇದ್ದರೂ ಸಾಕು, ಹತ್ತು ಸೀಗಡಿಯಿಂದ ಶುರು ಮಾಡಬಹುದು. ಏರ್ ಪಂಪಿನಿಂದ ಓಡುವ ಸ್ಪಂಜ್ ಫಿಲ್ಟರೇ ಬೇಕು, ಬೇರೆ ಫಿಲ್ಟರ್ ಮರಿಗಳನ್ನು ಎಳೆದುಕೊಳ್ಳುತ್ತದೆ. ಜಾವಾ ಮಾಸ್ ಅನ್ನುವ ನೀರಿನ ಗಿಡ ಒಂದು ಹಿಡಿ ಹಾಕಿ. ಸುಮ್ನೆ ಸಿಗುತ್ತದೆ ಅಂತ ಕೆರೆಯ ಗಿಡ ತರಬೇಡಿ, ಅದರ ಜೊತೆ ಬರುವ ಏರೋಪ್ಲೇನ್ ಚಿಟ್ಟೆಯ ಮರಿಹುಳು ಸೀಗಡಿಗಳನ್ನು ಹಿಡಿದು ತಿನ್ನುತ್ತದೆ. ಎಲ್ಲ ಜೋಡಿಸಿದ ಮೇಲೆ ನೀರು ತುಂಬಿ, ಸೀಗಡಿ ಬಿಡದೆ ನಾಲ್ಕರಿಂದ ಆರು ವಾರ ಫಿಲ್ಟರ್ ಓಡಿಸಿ. ಚಿಟಿಕೆ ಮೀನಿನ ಆಹಾರ ಆಗಾಗ ಹಾಕುತ್ತಿದ್ದರೆ ಅದು ಕೊಳೆತು ಅಮೋನಿಯಾ ಆಗುತ್ತದೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಸ್ಪಂಜಲ್ಲಿ ಬೆಳೆಯುತ್ತವೆ. ಅಮೋನಿಯಾ, ಅದರಿಂದ ಆಗುವ ನೈಟ್ರೈಟ್ ಎರಡೂ ಟೆಸ್ಟ್ ಕಿಟ್‌ನಲ್ಲಿ ಸೊನ್ನೆಗೆ ಬರುವವರೆಗೆ ಕಾಯಲೇಬೇಕು. ಗಾಜಿಗೆ ಹಸಿರು ಪಾಚಿ ಹತ್ತಿದರೆ ಉಜ್ಜಬೇಡಿ, ಅದೇ ಅವುಗಳ ಊಟ.

ಸೀಗಡಿ ತಂದ ದಿನ ಆತುರ ಬೇಡ. ಕವರ್‌ನ ನೀರು ಸಮೇತ ಒಂದು ಬಟ್ಟಲಿಗೆ ಬಿಟ್ಟು, ಏರ್ ಟ್ಯೂಬಿಗೆ ಗಂಟು ಹಾಕಿ ಟ್ಯಾಂಕ್ ನೀರು ಸೆಕೆಂಡಿಗೆ ಒಂದೆರಡು ಹನಿಯಂತೆ ಬೀಳುವ ಹಾಗೆ ಮಾಡಿ. ಒಂದೂವರೆ ಎರಡು ಗಂಟೆಯಲ್ಲಿ ಬಟ್ಟಲು ತುಂಬುತ್ತದೆ. ಆಮೇಲೆ ಬಲೆಯಲ್ಲಿ ಎತ್ತಿ ಸೀಗಡಿಯನ್ನಷ್ಟೇ ಟ್ಯಾಂಕಿಗೆ ಬಿಡಿ.

ಊಟದ ವಿಷಯಕ್ಕೆ ಬಂದರೆ ನಮ್ಮಷ್ಟು ಅದೃಷ್ಟವಂತರು ಯಾರೂ ಇಲ್ಲ. ಬೇರೆ ಊರಿನವರು ಪ್ಯಾಕೆಟ್ಟಲ್ಲಿ ಕೊಳ್ಳುವ ಹಿಪ್ಪುನೇರಳೆ ಸೊಪ್ಪು ಶಿಡ್ಲಘಟ್ಟದ ಕಡೆ ತೋಟ ತೋಟದಲ್ಲೂ ಇದೆ. ರೇಷ್ಮೆ ಹುಳುವಿಗೆ ಈ ವಾರ ಹಾಕುತ್ತಿರುವ ಸೊಪ್ಪನ್ನೇ ಕೇಳಿ ತನ್ನಿ. ಕೀಟನಾಶಕ ಬಿದ್ದ ಸೊಪ್ಪು ಹುಳುವಿಗೂ ಆಗಲ್ಲ, ಸೀಗಡಿಗೂ ಆಗಲ್ಲ, ಹಾಗಾಗಿ ಆ ತೋಟದವರು ಮೊದಲೇ ಎಚ್ಚರವಾಗಿರುತ್ತಾರೆ. ಎಲೆ ರೋಗಕ್ಕೆ ಔಷಧಿ ಹೊಡೆದಿದ್ದಾರಾ ಅಂತಲೂ ಕೇಳಿಬಿಡಿ. ತೊಳೆದು, ಒಂದು ನಿಮಿಷ ಕುದಿಸಿ, ಆರಿಸಿ, ಅರ್ಧ ಎಲೆ ಮುಳುಗಿಸಿ. ಒಂದು ಸೀಗಡಿ ಬಂದು ಎಲೆ ಅಂಚಿಗೆ ಕೂರುತ್ತದೆ, ಮುಂಗಾಲಿನ ಪುಟ್ಟ ಇಕ್ಕಳಗಳಿಂದ ಚೂರು ಚೂರು ಕಿತ್ತು ಒಂದಾದ ಮೇಲೊಂದು ಬಾಯಿಗೆ ಹಾಕಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ಉಳಿದವೂ ಬಂದು ಮುತ್ತುತ್ತವೆ. ಎಲೆಯಲ್ಲಿ ನರ ಮಾತ್ರ ಉಳಿದಾಗ ತೆಗೆಯಿರಿ. ವಾರಕ್ಕೆ ಎರಡು ಮೂರು ಸಲ ಕೊಟ್ಟರೆ ಸಾಕು. ಜಾಸ್ತಿ ಹಾಕಿ ನೀರು ಕೆಡಿಸುವುದಕ್ಕಿಂತ ಕಮ್ಮಿ ಹಾಕುವುದೇ ಮೇಲು.

ಒಂದು ದಿನ ತಳದಲ್ಲಿ ಬೆಳ್ಳಗೆ, ಕಾಲು ಮೀಸೆ ಸಮೇತ ಸೀಗಡಿಯಂಥದ್ದೇ ಏನೋ ಬಿದ್ದಿರುತ್ತದೆ. ಗಾಬರಿ ಬೇಡ, ಅದು ಕಳಚಿದ ಪೊರೆ, ಒಳಗೆ ಏನೂ ಇರಲ್ಲ. ಅಲ್ಲೇ ಬಿಡಿ, ಅವೇ ತಿಂದು ಕ್ಯಾಲ್ಸಿಯಂ ವಾಪಸ್ ಪಡೆಯುತ್ತವೆ. ಸತ್ತ ಸೀಗಡಿಯ ಮೈಯೊಳಗೆ ಗುಲಾಬಿ ಬಣ್ಣ ತಿರುಗಿರುತ್ತದೆ, ಅದನ್ನು ತಕ್ಷಣ ತೆಗೆಯಬೇಕು. ತಲೆಗೂ ಮೈಗೂ ನಡುವೆ ಬಿಳಿ ಉಂಗುರ ಕಂಡರೆ ಪೊರೆ ಸರಿಯಾಗಿ ಬಿಡುತ್ತಿಲ್ಲ ಅಂತ ಅರ್ಥ. ಸಾಮಾನ್ಯವಾಗಿ ಖನಿಜದ ಕೊರತೆ ಅಥವಾ ಒಂದೇ ಸಲ ಜಾಸ್ತಿ ನೀರು ಬದಲಿಸಿದ್ದು ಕಾರಣ. ವಾರಕ್ಕೆ ಹತ್ತನೇ ಒಂದು ಭಾಗ ಬದಲಿಸಿ, ಅದನ್ನೂ ನಿಧಾನವಾಗಿ ಸುರಿಯಿರಿ.

ಇನ್ನು ವಿಷದ ಮಾತು. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್ ಮೆಷಿನ್, ಜಿರಳೆ ಸ್ಪ್ರೇ ಯಾವುದೂ ಬೇಡ, ಏರ್ ಪಂಪ್ ಅದೇ ಗಾಳಿಯನ್ನು ಎಳೆದು ನೀರಿಗೆ ಬಿಡುತ್ತದೆ. ಸೊಳ್ಳೆ ಪರದೆ ಕಟ್ಟಿಕೊಳ್ಳಿ. ತಾಮ್ರ ಇರುವ ಮೀನಿನ ಔಷಧಿಯೂ ಸೀಗಡಿಯನ್ನು ಕೊಲ್ಲುತ್ತದೆ, ಬಾಟಲಿ ಮೇಲೆ ಓದಿ ನೋಡಿ.

ಏಪ್ರಿಲ್, ಮೇನಲ್ಲಿ ನೀರು 30 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಿ. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ನೀರು ಬೇಗ ಆವಿಯಾಗುತ್ತದೆ, ಖನಿಜ ಅಲ್ಲೇ ಉಳಿಯುತ್ತದೆ ಅಲ್ವಾ? ಹಾಗಾಗಿ ಆವಿಯಾದಷ್ಟನ್ನು ಆರ್‌ಒ ನೀರಿನಿಂದ ಮಾತ್ರ ತುಂಬಿಸಿ. ಕರೆಂಟ್ ಹೋಗುವ ಕಾಲ ಅದು, ಬ್ಯಾಟರಿ ಏರ್ ಪಂಪ್ ಒಂದಿರಲಿ.

ಎಲ್ಲ ಹೊಂದಿಕೊಂಡರೆ ಹೆಣ್ಣಿನ ಹೊಟ್ಟೆಯಡಿ 20-30 ಮೊಟ್ಟೆ ಕಾಣುತ್ತವೆ, ಮೂರು ನಾಲ್ಕು ವಾರಕ್ಕೆ ಮರಿ. ಗಪ್ಪಿ ಮೀನು ಜೊತೆಗಿದ್ದರೆ ಮರಿಗಳನ್ನು ತಿಂದುಬಿಡುತ್ತದೆ, ಉಳಿಯುವುದು ಕಷ್ಟ. ಸಂಖ್ಯೆ ಹೆಚ್ಚಿ ಗೆಳೆಯರಿಗೆ ಕೊಡುವಾಗ ನಿಮ್ಮ ಟ್ಯಾಂಕಿನ ನೀರು, ಒಂದಿಷ್ಟು ಮಾಸ್ ಜೊತೆಗೇ ಕೊಡಿ, ನಿಮ್ಮ ನೀರಿನ ಟಿಡಿಎಸ್ ಎಷ್ಟು ಅಂತ ಕವರ್ ಮೇಲೆ ಬರೆದುಬಿಡಿ.